ಬರಿ ಮಣೆಗೆ ಬಡಿಸಿದ್ದು

ಟಿಬಿಲಿಸಿ, ಜಾರ್ಜಿಯಾ
10 ಸೆಪ್ಟೆಂಬರ್ 2025

ಮಂಡಿಪೇಟೆಯ ಬೆಲ್ಲದ ಸಾಹುಕಾರರಾದ ಕೊಟ್ಟೂರೇಶಪ್ಪನವರಿಗೆ ಅವರ ಅಲೆಮಾರಿ ಹೆಂಡತಿ ವಾಣಿಶ್ರೀಯ ನಮಸ್ಕಾರ.

ನನ್ನ ಫೋನು ಬುಖಾರಾದಲ್ಲಿ ಸತ್ತಿತು. ಬಕೆಟ್ಟಿನ ನೀರಿಗೆ ಬಿತ್ತು, ಮತ್ತೆ ಏಳಲಿಲ್ಲ. ಹೊಸದು ಕೊಳ್ಳಲಿಲ್ಲ. ಕೊಂಡು ತಾನೇ ಏನು? ಫೋನಿನಲ್ಲಿ ನೀವು ‘ಹ್ಞೂಂ’ ಬಿಟ್ಟರೆ ಬೇರೆ ಮಾತೇ ಆಡುವುದಿಲ್ಲ. ಕಾಗದವಾದರೆ ನಾಲ್ಕು ಸಾಲನ್ನಾದರೂ ಬರೆಯುತ್ತೀರಿ. ತೀರಾ ತುರ್ತು ಇದ್ದರೆ ಈ ಮನೆಯ ನಂಬರನ್ನು ಕೆಳಗೆ ಬರೆದಿದ್ದೇನೆ. ಮನೆಯೊಡತಿ ನಾನಾ ಎಂಬ ಮುದುಕಿ. ಅವಳಿಗೆ ಇಂಗ್ಲಿಷು ಬಾರದು. ನಾವಿಬ್ಬರೂ ಕೈಸನ್ನೆಯಲ್ಲೇ ಜಗಳ ಆಡುತ್ತೇವೆ, ಕೈಸನ್ನೆಯಲ್ಲೇ ರಾಜಿ ಆಗುತ್ತೇವೆ.

ಇಪ್ಪತ್ತೆಂಟು ವರ್ಷ ಕೋಲು ಹಿಡಿದು ಮಕ್ಕಳಿಗೆ ಕಾಕಸಸ್ ಪರ್ವತ ತೋರಿಸಿದವಳು ನಾನು. ಈಗ ಅದರ ಬುಡದಲ್ಲೇ ಕೂತಿದ್ದೇನೆ. ಸ್ವಯಂ ನಿವೃತ್ತಿ ತೆಗೆದುಕೊಂಡಾಗ ಸ್ಟಾಫ್ ರೂಮಿನಲ್ಲಿ ನಕ್ಕವರಿಗೆಲ್ಲ ಒಂದೊಂದು ಫೋಟೋ ಕಳಿಸಬೇಕು ಅನ್ನಿಸುತ್ತದೆ. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ? ಮೂರು ತಿಂಗಳಿನಿಂದ ಒಬ್ಬಳೇ ಉಂಡು ಒಬ್ಬಳೇ ಮಲಗಿ ಸಾಕಾಗಿದೆ. ಕನ್ನಡ ಮಾತಾಡದೆ ನಾಲಿಗೆ ಜಡ್ಡುಗಟ್ಟಿದೆ. ಇಪ್ಪತ್ತನೇ ತಾರೀಕು ನೀವು ಬರುತ್ತೀರಿ ಎಂಬ ಒಂದೇ ಆಸೆಯ ಮೇಲೆ ಈ ದಿನಗಳನ್ನು ನೂಕುತ್ತಿದ್ದೇನೆ.

ಬರುವಾಗ ಗುರೆಳ್ಳು ಚಟ್ನಿಪುಡಿ ತನ್ನಿ. ಖಡಕ್ ರೊಟ್ಟಿ ಇನ್ನೂ ಸ್ವಲ್ಪ ಉಳಿದಿವೆ. ಅವನ್ನು ನಿಮಗೆಂದೇ ಎತ್ತಿಟ್ಟಿದ್ದೇನೆ.

ನಿಮ್ಮ ವಾಣಿ


ಹರಿಹರ
12 ಸೆಪ್ಟೆಂಬರ್ 2025

ವಾಣಿ,

ನಿನ್ನ ಫೋನು ಹತ್ತುತ್ತಲೇ ಇಲ್ಲ. ಅದಕ್ಕೇ ನೀನು ಹೊರಡುವ ಮುಂಚೆ ಬರೆದಿಟ್ಟ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಇಪ್ಪತ್ತರ ಒಳಗೆ ನಿನ್ನ ಕೈ ಸೇರಲಿ ಎಂದು ಆ ಹರಿಹರೇಶ್ವರನಲ್ಲಿ ಬೇಡಿಕೊಳ್ಳುತ್ತೇನೆ.

ನನಗೆ ಈಗ ಬರಲು ಆಗುವುದಿಲ್ಲ. ದಸರಾ, ದೀಪಾವಳಿ ಒಂದರ ಬೆನ್ನಿಗೊಂದು ಬಂದಿವೆ. ಅಂಗಡಿಯ ಬೆಲ್ಲವೆಲ್ಲ ಹೋಗುವುದೇ ಈ ಎರಡು ತಿಂಗಳಲ್ಲಿ. ಮಕ್ತುಮ್ ಸಾಬ್ ಒಬ್ಬನ ಮೇಲೆ ಎಲ್ಲಾ ಬಿಟ್ಟು ಬರುವುದು ಸರಿಯಲ್ಲ. ಟಿಕೆಟ್ಟು ರದ್ದು ಮಾಡಿಸಿದೆ. ಬಯ್ಯಬೇಡ. ಡಿಸೆಂಬರಿನಲ್ಲಿ ನೀನು ಹೇಗೂ ಬರುತ್ತೀ. ಅಲ್ಲಿಯವರೆಗೆ ನಿನ್ನ ತಿರುಗಾಟವನ್ನು ನನ್ನ ಸಲುವಾಗಿ ನಿಲ್ಲಿಸಬೇಡ.

ನಾನು ಆರಾಮಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮಲಗಿಕೊಂಡು ಬರೆಯುತ್ತಿದ್ದೇನೆ ಎಂದು ತಿಳಿ.

ಕೊಟ್ಟೂರೇಶ್


ಟಿಬಿಲಿಸಿ
5 ಅಕ್ಟೋಬರ್ 2025

ರೀ,

ನೀವು ಹೊರಟು ಎರಡು ದಿನವಾಯಿತು. ಈ ಕಾಗದ ಬರುವ ಹೊತ್ತಿಗೆ ನೀವು ಅಂಗಡಿಯ ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ವಿಮಾನದ ಕಥೆ ಹೇಳುತ್ತಿರುತ್ತೀರಿ. ನಿನ್ನೆ ಒಂದು ತಮಾಷೆ ನಡೆಯಿತು. ಬರುವುದಿಲ್ಲ ಎಂದು ನೀವು ಬರೆದ ಕಾಗದ ನಿನ್ನೆ ತಲುಪಿತು. ಬರೆದವರು ಬಂದು, ಇದ್ದು, ಹೋದ ಮೇಲೆ! ಅಂಚೆಯವರನ್ನು ಬಯ್ಯಬೇಕೋ ನಿಮ್ಮ ಚೇಷ್ಟೆಗೆ ನಗಬೇಕೋ ತಿಳಿಯಲಿಲ್ಲ. ಮನಸ್ಸು ಬದಲಾಯಿಸಿ ಓಡಿಬಂದಿರಿ ಎಂದು ಒಂದು ಮಾತನ್ನಾದರೂ ಹೇಳಬಾರದಿತ್ತೇ?

ಆ ಇಪ್ಪತ್ತನೇ ತಾರೀಕನ್ನು ನಾನು ಮರೆಯಲಾರೆ. ವಿಮಾನ ನಿಲ್ದಾಣದಲ್ಲಿ ಕೊನೆಯ ಪ್ರಯಾಣಿಕ ಹೊರಬರುವವರೆಗೂ ನಿಂತಿದ್ದೆ. ನೀವು ಬರಲಿಲ್ಲ. ಮರುದಿನವೂ ಕಾದೆ. ಸಂಜೆಗೆ ಅನ್ನ ಮಾಡಿ, ಎತ್ತಿಟ್ಟಿದ್ದ ರೊಟ್ಟಿ ತೆಗೆದು, ನೆಲಕ್ಕೆ ಚಾದರ ಹಾಸಿ ಎರಡು ತಟ್ಟೆ ಇಟ್ಟೆ. ನಾನಾಳ ಅಡುಗೆಮನೆಯ ಕುಳ್ಳ ಮಣೆಯನ್ನು ನಿಮಗೆ ಹಾಕಿದೆ. ಮೊದಲು ನಿಮ್ಮ ತಟ್ಟೆಗೇ ಬಡಿಸಿದೆ. ‘ಬರ್ರಿ, ಊಟಕ್ಕೆ ಬರ್ರಿ’ ಎಂದು ಬರಿ ಮಣೆಗೆ ಹೇಳಿ ಅತ್ತುಬಿಟ್ಟೆ. ಐವತ್ತೆರಡು ವರ್ಷದವಳು ಹೀಗೆ ಅಳುವುದು ಚೆನ್ನಾಗಿರುವುದಿಲ್ಲ ಎಂದು ಮುಖ ತೊಳೆಯಲು ಎದ್ದು ಹೋದೆ. ಬಂದು ನೋಡಿದರೆ ನೀವು ಮಣೆಯ ಮೇಲೆ ಕೂತಿದ್ದಿರಿ.

ಬಾಗಿಲ ಸಪ್ಪಳ ಕೇಳಲಿಲ್ಲ. ಲಗೇಜು ಎಲ್ಲಿ ಎಂದರೆ ‘ತಪ್ಪಿಹೋತು’ ಎಂದಿರಿ. ನನಗೆ ಅದನ್ನೆಲ್ಲ ವಿಚಾರಿಸುವ ತಾಳ್ಮೆ ಎಲ್ಲಿತ್ತು?

ನಿಜ ಹೇಳುತ್ತೇನೆ, ನೀವು ಇಷ್ಟು ಬದಲಾಗುತ್ತೀರೆಂದು ತಿಳಿದಿರಲಿಲ್ಲ. ಗ್ಯಾಸ್ಟ್ರಿಕ್ ಎನ್ನಲಿಲ್ಲ, ಮಂಡಿನೋವು ಎನ್ನಲಿಲ್ಲ, ಗೊರಕೆಯೂ ಇಲ್ಲ. ಕೋಟೆಯ ಮೆಟ್ಟಿಲನ್ನು ನನಗಿಂತ ಮುಂದೆ ಹತ್ತಿದಿರಿ. ನಮ್ಮ ಮದುವೆಯ ಮಾತು, ಅತ್ತೆಯ ಮಾತು, ನನಗೆ ಮಾತ್ರ ನೆನಪಿದೆ ಎಂದುಕೊಂಡಿದ್ದ ಎಷ್ಟೋ ಮಾತುಗಳನ್ನು ಆಡಿದಿರಿ. ಊರಿನ ಹೊಸ ಸುದ್ದಿ ಕೇಳಿದರೆ ಮಾತ್ರ ನಕ್ಕು ಸುಮ್ಮನಾಗುತ್ತಿದ್ದಿರಿ. ಒಂದೇ ಒಂದು ಹೊಸ ಚಾಳಿ ಕಲಿತಿದ್ದೀರಿ: ತಟ್ಟೆಗೆ ಬಡಿಸಿಟ್ಟು ಕರೆಯುವವರೆಗೂ ಊಟಕ್ಕೆ ಕೂರುವುದಿಲ್ಲ. ಸಾಹುಕಾರಿಕೆ ಜಾಸ್ತಿಯಾಯಿತು, ಅಷ್ಟೇ.

ಈಗ ಕೋಣೆ ಬಿಕೋ ಎನ್ನುತ್ತಿದೆ. ಮತ್ತೆ ಬನ್ನಿ ಎಂದರೆ ಬರುತ್ತೀರಾ?

ನಿಮ್ಮ ವಾಣಿ


ಹರಿಹರ
16 ಅಕ್ಟೋಬರ್ 2025

ವಾಣಿ,

ನಿನ್ನ ಕಾಗದವನ್ನು ಇವತ್ತು ಬೆಳಿಗ್ಗೆ ಮಕ್ತುಮ್ ಸಾಬ್ ತಂದುಕೊಟ್ಟ. ಎರಡು ಸಲ ಓದಿದೆ. ನೀನು ಕೂತುಕೊಂಡು ಇದನ್ನು ಓದು.

ನಾನು ಬರಲಿಲ್ಲ. ನಿನ್ನ ಜೊತೆಗಿದ್ದವನು ನಾನಲ್ಲ.

ನಿನಗೆ ಹೇಳದೆ ಮುಚ್ಚಿಟ್ಟದ್ದನ್ನು ಈಗ ಹೇಳಬೇಕಾಯಿತು. ಸೆಪ್ಟೆಂಬರ್ ಎರಡನೇ ವಾರ ಗೋದಾಮಿನ ಏಣಿಯಿಂದ ಬಿದ್ದು ಬಲಗಾಲು ಮುರಿದುಕೊಂಡೆ. ತೊಡೆಯವರೆಗೂ ಪ್ಲಾಸ್ಟರ್ ಹಾಕಿದ್ದಾರೆ. ಹಬ್ಬದ ವ್ಯಾಪಾರ ಎಂಬುದೆಲ್ಲ ನೆಪ. ಇದನ್ನು ಕೇಳಿದರೆ ನೀನು ಮರುದಿನವೇ ತಿರುಗಿ ಬಂದುಬಿಡುತ್ತೀ, ಇಪ್ಪತ್ತೆಂಟು ವರ್ಷದ ಆಸೆ ನನ್ನ ಕಾಲಿನಿಂದ ಕೆಡುವುದು ಬೇಡ ಎಂದುಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಮಂಚ ಬಿಟ್ಟು ಜಗಲಿಗೂ ಹೋಗಿಲ್ಲ. ಕೋಟೆಯ ಮೆಟ್ಟಿಲು ಹತ್ತುವುದು ಎಲ್ಲಿಂದ ಬಂತು?

ಕಾಗದ ಓದಿದ ಕೂಡಲೇ ನೀನು ಕೊಟ್ಟ ನಂಬರಿಗೆ ಫೋನ್ ಮಾಡಿಸಿದೆ. ಮುದುಕಿ ಎತ್ತಿದರೆ ನಿನ್ನ ಹೆಸರು ಹೇಳಿದರಾಯಿತು ಎಂದುಕೊಂಡಿದ್ದೆ. ಸ್ಪೀಕರ್ ಹಾಕಿ ಇಬ್ಬರೂ ಕೇಳುತ್ತಿದ್ದೆವು. ಮುದುಕಿ ಎತ್ತಲಿಲ್ಲ. ‘ಹಲೋ, ಯಾರ್ರಿ ಮಾತಾಡೋದು?’ ಎಂದು ನನ್ನ ಧ್ವನಿ ಕೇಳಿತು.

ಮಕ್ತುಮ್ ಸಾಬ್ ಒಮ್ಮೆ ಫೋನು ನೋಡಿದ, ಒಮ್ಮೆ ನನ್ನ ಬಾಯಿ ನೋಡಿದ. ನಾನು ಬಾಯಿ ತೆರೆದಿರಲಿಲ್ಲ. ‘ವಾಣಿ ಎಲ್ಲಿ?’ ಎಂದೆ. ‘ಇಲ್ಲೆ ಅದಾಳೆ. ಊಟಕ್ಕೆ ಬಡಿಸ್ತಾ ಅದಾಳೆ. ಇನ್ನ ಮ್ಯಾಲೆ ಫೋನ್ ಮಾಡಬ್ಯಾಡ್ರಿ’ ಎಂದು ಇಟ್ಟುಬಿಟ್ಟಿತು. ಅವನು ಹೋದ ಎಂದು ನೀನು ಬರೆದಿದ್ದೀ. ಹೋಗಿಲ್ಲ, ಅಥವಾ ತಿರುಗಿ ಬಂದಿದ್ದಾನೆ.

ಇನ್ನೊಂದು ಮಾತು. ನೀನು ಬರಿ ಮಣೆಯ ಮುಂದೆ ಬಡಿಸಿದ ಆ ಸಂಜೆ ಇಲ್ಲಿ ಮಹಾಲಯ ಅಮಾವಾಸ್ಯೆ. ಅಲ್ಲಿ ಪಂಚಾಂಗವಿಲ್ಲ, ನಿನಗೆ ಗೊತ್ತಾಗುವಂತಿರಲಿಲ್ಲ. ಇಲ್ಲಿ ಊರಿಗೆ ಊರೇ ಹಿರಿಯರಿಗೆ ಎಡೆ ಇಡುತ್ತಿತ್ತು.

ಇದರ ಜೊತೆ ನನ್ನ ಫೋಟೋ ಇಟ್ಟಿದ್ದೇನೆ. ನಡುಮನೆಯ ಮಂಚ, ಪ್ಲಾಸ್ಟರ್ ಕಾಲು, ಕೈಯಲ್ಲಿ ಇವತ್ತಿನ ಪೇಪರ್. ನಂಬು. ಈ ಕಾಗದ ಮುಟ್ಟಿದ ಗಳಿಗೆಯೇ ಅಲ್ಲಿಂದ ಹೊರಟು ಬಾ. ಅವನಿಗೆ ಬಡಿಸಬೇಡ.

ಕೊಟ್ಟೂರೇಶ್


ಮೆಸ್ತಿಯಾ, ಜಾರ್ಜಿಯಾ
1 ನವೆಂಬರ್ 2025

ನಮ್ಮ ಮನೆಯಲ್ಲಿರುವವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದು. ನನ್ನ ಗಂಡನ ಹೆಸರಿನಲ್ಲಿ, ನನ್ನ ಗಂಡನದೇ ಅಕ್ಷರದಲ್ಲಿ ನೀವು ಬರೆದ ಕಾಗದವನ್ನು ನಾನಾ ವ್ಯಾನಿನವನ ಕೈಯಲ್ಲಿ ಇಲ್ಲಿಗೆ ಕಳಿಸಿದಳು. ನಾವು ಬೆಟ್ಟದ ಮೇಲಿನ ಈ ಊರಿಗೆ ಬಂದು ಹತ್ತಿರಹತ್ತಿರ ಎರಡು ವಾರವಾಯಿತು. ಇಲ್ಲಿ ಮನೆಮನೆಗೂ ಕಲ್ಲಿನ ಗೋಪುರವಿದೆ. ಹಿಂದೆ ವೈರಿಗಳು ಬಂದರೆ ಜನ ಅದರೊಳಗೆ ಸೇರಿ ಏಣಿ ಎಳೆದುಕೊಳ್ಳುತ್ತಿದ್ದರಂತೆ. ನಮ್ಮ ಕೋಣೆ ಅಂಥ ಒಂದು ಗೋಪುರಕ್ಕೆ ಅಂಟಿಕೊಂಡಿದೆ. ಹಿಮ ಬೀಳಲು ಶುರುವಾಗಿದೆ.

ಟಿಬಿಲಿಸಿಯಿಂದ ಹೋಗಿದ್ದ ನಮ್ಮವರು ಅಲ್ಲಿಗೇ ತಿರುಗಿ ಬಂದರು. ನಾನು ಅಭ್ಯಾಸಬಲದಿಂದ ಎರಡು ತಟ್ಟೆಗೆ ಬಡಿಸಿದ್ದೆ. ಬಂದು ಕೂತರು. ಅಂಗಡಿಗೆ ಹೋಗಬೇಕಲ್ಲ ಎಂದರೆ, ನೀನಿರುವಲ್ಲೇ ನನ್ನ ಅಂಗಡಿ ಎಂದರು. ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ಬಂದದ್ದಿಲ್ಲ. ಅವತ್ತಿನಿಂದ ನಾನಾ ನಮ್ಮ ಕೋಣೆಗೆ ಬರುವುದನ್ನು ಬಿಟ್ಟಳು. ಉಳಿದ ದಿನಗಳ ಬಾಡಿಗೆಯನ್ನು ನನ್ನ ಕೈಗೆ ತುರುಕಿ, ಎರಡನೇ ತಟ್ಟೆಯ ಕಡೆ ಬೆರಳು ತೋರಿಸಿ ಹೋಗು ಎಂದು ಸನ್ನೆ ಮಾಡಿದಳು.

ನಿಮ್ಮ ಫೋಟೋ ನೋಡಿದೆ. ಅದು ನಮ್ಮ ನಡುಮನೆ, ನಮ್ಮ ಮಂಚ. ನನ್ನ ಕೈಯಾರೆ ಹೊಲಿದ ಕೌದಿ. ಅದರ ಮೇಲೆ ಕಾಲು ಚಾಚಿ ಮಲಗಿರುವ ನೀವು ಯಾರು? ಮುಖ ಅವರದೇ. ಆದರೆ ಎಷ್ಟು ಮುದಿಯಾಗಿ, ಎಷ್ಟು ಸೋತು ಕಾಣುತ್ತೀರಿ! ಫೋಟೋವನ್ನು ಇವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ‘ನಾನು ಇಲ್ಲೇ ಅದೀನಲ್ಲ’ ಎಂದರು. ಆಮೇಲೆ ಊಟಕ್ಕೆ ಬಡಿಸು ಎಂಬಂತೆ ತಟ್ಟೆಯ ಕಡೆ ನೋಡಿದರು.

ನನಗೇನೂ ತೊಂದರೆಯಿಲ್ಲ. ಈಚೆಗೆ ಹಸಿವೆಯಾಗುವುದಿಲ್ಲ, ಅಷ್ಟೇ. ರವಿಕೆಗಳನ್ನೆಲ್ಲ ಹಿಡಿದು ಹೊಲಿದುಕೊಂಡೆ. ಅವರು ಉಣ್ಣುವುದನ್ನು ನೋಡಿದರೆ ನನ್ನ ಹೊಟ್ಟೆ ತುಂಬಿದಂತಾಗುತ್ತದೆ.

ಇನ್ನು ಬರೆಯಬೇಡಿ. ನಮ್ಮ ಮನೆಯನ್ನು ಬಿಟ್ಟು ಹೋಗಿ.

ವಾಣಿಶ್ರೀ


ಹರಿಹರ
12 ನವೆಂಬರ್ 2025

ವಾಣಿ,

ನನ್ನನ್ನು ಯಾರು ಎಂದು ಕೇಳಿದ್ದೀ. ಕಾಲು ಮುರಿದಾಗಲೂ ನನಗೆ ಇಷ್ಟು ನೋವಾಗಲಿಲ್ಲ. ಅವನು ನನಗಿಂತ ಒಳ್ಳೆಯ ಗಂಡನಿರಬಹುದು. ಮೆಟ್ಟಿಲು ಹತ್ತುತ್ತಾನೆ, ಮಾತಾಡುತ್ತಾನೆ. ನಾನು ಬೆಲ್ಲ ತೂಗುವುದರಲ್ಲೇ ಆಯುಷ್ಯ ಕಳೆದೆ, ಒಳ್ಳೆಯ ಮಾತನ್ನು ನಾಳೆ ಆಡಿದರಾಯಿತು ಎಂದುಕೊಂಡೆ. ಆದರೆ ನಿನ್ನ ಹಸಿವನ್ನು ಅವನು ಉಣ್ಣುತ್ತಿದ್ದಾನೆ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

ನಿನ್ನ ಕಾಗದವನ್ನು ನಿರ್ಮಲಕ್ಕನಿಗೆ ಓದಿ ಹೇಳಿದೆ. ಕಾಲು ಮುರಿದಾಗಿನಿಂದ ಅಕ್ಕ ವಾರಕ್ಕೊಮ್ಮೆ ಮಲೆಬೆನ್ನೂರಿನಿಂದ ಬಸ್ಸು ಹತ್ತಿ ಬಂದು ರೊಟ್ಟಿ ಬಡಿದಿಟ್ಟು ಹೋಗುತ್ತಾಳೆ. ಅವಳು ಗಾಬರಿಯಾಗಲಿಲ್ಲ. ನನ್ನನ್ನೇ ಬಯ್ದಳು. ಮನೆ ಹೆಣ್ಣುಮಗಳಿಗೆ ಇಷ್ಟನ್ನೂ ಹೇಳಿಕೊಡಲಿಲ್ಲವೇ ಎಂದು.

‘ಕೂತ ಮ್ಯಾಲೆ ಬಡಿಸ್ಬೇಕು ಕಣಪ್ಪ. ಬದುಕಿದ್ದೋರಿಗೆ ಅದೇ ಪದ್ಧತಿ. ಬರಿ ಮಣಿಗೆ ಬಡಿಸಿ ಬರ್ರಿ ಅಂದ್ರೆ ಯಾರು ಹಸಿದಿರ್ತಾರೋ ಅವ್ರು ಬರ್ತಾರೆ. ಅದೂ ಆ ಅಮಾಸಿ ದಿನ. ಬಡಿಸೋರು ಯಾರನ್ನ ನೆನೆಸ್ತಾರೋ ಅವ್ರ ಮುಖ ಹಾಕ್ಕಂಡು ಬರ್ತಾರೆ’ ಎಂದಳು.

ಹಾಗಾದರೆ ಕಳಿಸುವುದು ಹೇಗೆ ಎಂದೆ. ಉಂಡು ರುಚಿ ಹತ್ತಿದ ಮೇಲೆ ಹೋಗೆಂದರೆ ಹೋಗುವುದಿಲ್ಲವಂತೆ. ಬೇರೆ ಕಡೆ ಬಡಿಸಿ ಕರೆಯಬೇಕಂತೆ. ಬಂದು ಮೂರು ದಿನ ಉಂಡ ಮೇಲೆ ಆ ಎಡೆಯನ್ನು ಹೊಳೆಗೆ ಬಿಟ್ಟು, ತಿರುಗಿ ನೋಡದೆ ಬರಬೇಕಂತೆ.

ನಾನು ಕರೆಯುತ್ತೇನೆ. ಇಪ್ಪತ್ತನೇ ತಾರೀಕು ಅಮಾವಾಸ್ಯೆ. ಸಂಜೆ ದೀಪ ಹಚ್ಚಿದ ಮೇಲೆ, ಪ್ಲಾಸ್ಟರ್ ಕಾಲು ಚಾಚಿಕೊಂಡೇ ಕೂತು, ನನ್ನ ಮಣೆಯ ಎದುರು ಇನ್ನೊಂದು ಮಣೆ ಹಾಕಿ, ನನ್ನದೇ ಹೆಸರು ಹೇಳಿ ಬಡಿಸುತ್ತೇನೆ. ಅವನು ನನ್ನ ಮುಖ ಹಾಕಿಕೊಂಡು ನನ್ನ ಎದುರಿಗೇ ಬಂದು ಕೂರಲಿ. ಮೂರು ದಿನ ನನ್ನನ್ನೇ ನಾನು ನೋಡಿಕೊಂಡು ಉಂಡರೆ ಸಾಯುವುದಿಲ್ಲ. ಒಂದೇ ಎಚ್ಚರಿಕೆ ಎಂದು ಅಕ್ಕ ಎರಡು ಸಲ ಹೇಳಿದಳು: ‘ಬಡಿಸುವಾಗ ಮನಸ್ಸಿನಾಗೆ ಬ್ಯಾರೆ ಯಾರನ್ನೂ ತರಬ್ಯಾಡ.’

ನೀನು ನಂಬದಿದ್ದರೂ ಪರವಾಗಿಲ್ಲ. ಆ ಸಂಜೆ ಅವನು ನಿನ್ನ ಊಟಕ್ಕೆ ಬರದಿದ್ದರೆ ಮಾತ್ರ ಈ ಕಾಗದವನ್ನು ಮತ್ತೊಮ್ಮೆ ಓದು.

ಕೊಟ್ಟೂರೇಶ್


ಮೆಸ್ತಿಯಾ
24 ನವೆಂಬರ್ 2025

ರೀ,

ಇಪ್ಪತ್ತನೇ ತಾರೀಕು ಅದು ಬರಲಿಲ್ಲ.

ಬಡಿಸಿದೆ, ಕರೆದೆ, ಕಾದೆ. ಮಣೆ ಖಾಲಿಯೇ ಇತ್ತು. ಅನ್ನ ತಣ್ಣಗಾಗುವುದನ್ನು ನೋಡುತ್ತಾ ಕೂತಿದ್ದವಳಿಗೆ ಇದ್ದಕ್ಕಿದ್ದಂತೆ ಹಸಿವಾಯಿತು. ಎಂಥ ಹಸಿವು! ಎರಡೂ ತಟ್ಟೆಯನ್ನು ನಾನೇ ಬಳಿದು ಉಂಡೆ. ಮನೆಯವರು ತಂದಿಟ್ಟ ಬ್ರೆಡ್ಡು, ಗಿಣ್ಣು ಎಲ್ಲಾ ತಿಂದೆ. ಉಂಡ ಮೇಲೆ ಕನ್ನಡಿ ನೋಡಿಕೊಂಡು ಹೆದರಿದೆ. ಕೆನ್ನೆಯ ಮೂಳೆ ಎದ್ದು ನಿಂತಿತ್ತು. ಇಷ್ಟು ದಿನ ಕನ್ನಡಿಯಲ್ಲಿ ನನಗೆ ಇದು ಕಂಡಿರಲೇ ಇಲ್ಲ.

ನಿಮ್ಮ ಕಾಗದ ಇವತ್ತು ಬಂತು. ಆಮೇಲೆ ಆ ಫೋಟೋ ಹುಡುಕಿ ತೆಗೆದೆ. ಮಂಚದ ಮೇಲೆ ಇರುವುದು ನೀವು. ನೀವೇ. ಹುಬ್ಬಿನ ಮೇಲೆ ಬೆಲ್ಲದ ಪೆಂಟೆ ಬಿದ್ದ ಗಾಯದ ಗುರುತು ಎಷ್ಟು ಸ್ಪಷ್ಟವಾಗಿದೆ! ಎರಡು ತಿಂಗಳು ನನ್ನೆದುರು ಕೂತು ಉಂಡವನ ಹುಬ್ಬಿನ ಮೇಲೆ ಅದು ಇತ್ತೋ ಇಲ್ಲವೋ ನೆನಪಿಲ್ಲ. ನಿಮ್ಮನ್ನು ಯಾರು ಎಂದು ಕೇಳಿಬಿಟ್ಟೆನಲ್ಲ ಎಂದು ಫೋಟೋ ಎದೆಗೊತ್ತಿಕೊಂಡು ಅತ್ತೆ.

ನಾನೂ ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಟಿಬಿಲಿಸಿಗೆ ಬರುವ ಮುಂಚೆ ಒಂದು ವಾರ ಜ್ವರದಲ್ಲಿ ಮಲಗಿದ್ದೆ. ನೀರು ಕೊಡುವವರೂ ಇರಲಿಲ್ಲ. ಆಗಲೇ ವಾಪಸು ಬರಬೇಕೆನ್ನಿಸಿತ್ತು. ಬಂದರೆ ಊರವರು ನಗುತ್ತಾರೆಂದು ಬಿಗುಮಾನ ಮಾಡಿದೆ. ನಿಮ್ಮ ಕಾಲು ನೀವು ಮುಚ್ಚಿಟ್ಟಿರಿ, ನನ್ನ ಜ್ವರ ನಾನು ಮುಚ್ಚಿಟ್ಟೆ.

ನಾನು ಮನೆಗೆ ಬರುತ್ತಿದ್ದೇನೆ. ಕಾಗದ ತಂದ ವ್ಯಾನು ಹೋದ ಮೇಲೆ ಹಿಮದಿಂದ ರಸ್ತೆ ಮುಚ್ಚಿದೆ. ತೆರೆದ ಕೂಡಲೇ ಕೆಳಗಿಳಿದು ವಿಮಾನ ಹಿಡಿಯುತ್ತೇನೆ. ಹತ್ತನೇ ತಾರೀಕು ಸಂಜೆಯ ರೈಲಿಗೆ ಹರಿಹರದಲ್ಲಿರುತ್ತೇನೆ. ಈ ಮನೆಯವರ ಫೋನಿನಿಂದ ನಿಮಗೆ ಮತ್ತೆ ಮತ್ತೆ ಮಾಡಿದೆ. ರಿಂಗ್ ಆಗುತ್ತದೆ, ನೀವು ಎತ್ತುತ್ತಿಲ್ಲ. ನೀವು ಬಡಿಸಿದ್ದೀರಿ, ಅದು ಬಂದಿದೆ ಎಂದು ನನಗೆ ಗೊತ್ತು. ಅಕ್ಕ ಹೇಳಿದಂತೆ ಮಾಡಿ ಮುಗಿಸಿ. ಯಾರ ಮುಖ ಹಾಕಿಕೊಂಡು ಬಂದಿದ್ದರೂ ಮಾತಾಡಿಸಬೇಡಿ. ಅದು ನಮಗೆ ಬೇಕಾದ ಮಾತನ್ನೇ ಆಡುತ್ತದೆ.

ನಿಮ್ಮ ವಾಣಿ


ಹರಿಹರ
5 ಡಿಸೆಂಬರ್ 2025

ಮೆಸ್ತಿಯಾದಲ್ಲಿರುವವರಿಗೆ,

ನೀವು ಬರೆದ ಕಾಗದ ತಲುಪಿತು. ನನ್ನ ಹೆಂಡತಿಯ ಹೆಸರಿನಲ್ಲಿ, ಅವಳದೇ ಅಕ್ಷರದಲ್ಲಿ ಬರೆದಿದ್ದೀರಿ. ಯಾಕೆ ಹೀಗೆ ಮಾಡುತ್ತೀರೋ ತಿಳಿಯದು. ನೀವು ಕಷ್ಟದಲ್ಲಿರುವಂತೆ ಕಾಣುತ್ತದೆ, ಅದಕ್ಕೇ ಸಿಟ್ಟು ಮಾಡದೆ ತಿಳಿಸಿ ಹೇಳುತ್ತೇನೆ.

ನನ್ನ ಹೆಂಡತಿ ಮನೆಗೆ ಬಂದಿದ್ದಾಳೆ. ಅಮಾವಾಸ್ಯೆಯ ಸಂಜೆಯೇ ಬಂದಳು. ಅವತ್ತು ನಾನು ಏನೋ ಒಂದು ಪದ್ಧತಿ ಮಾಡಲು ಹೊರಟಿದ್ದೆ. ನನ್ನ ಹೆಸರನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಎದುರಿನ ತಟ್ಟೆಗೆ ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ. ಗುರೆಳ್ಳು ಚಟ್ನಿಗೆ ಕೈ ಹಾಕಿದಾಗ, ವಾಣಿ ಇದನ್ನು ತರಲು ಹೇಳಿದ್ದಳಲ್ಲ, ಅಲ್ಲಿ ಏನು ತಿಂದಳೋ, ಎಷ್ಟು ಬಡವಾಗಿದ್ದಾಳೋ ಎಂದು ಮನಸ್ಸು ಅವಳ ಕಡೆ ಹೋಯಿತು. ತಲೆಯೆತ್ತಿದರೆ ಅವಳು ಮಣೆಯ ಮೇಲೆ ಕೂತಿದ್ದಳು. ಪ್ರವಾಸ ಸಾಕಾಗಿ ಬಂದುಬಿಟ್ಟೆ ಎಂದಳು. ಹಾಗಾಗಿ ಅಕ್ಕ ಹೇಳಿದ ಕಥೆಯೆಲ್ಲ ಹಳೇಕಾಲದವರ ಭಯವೆಂದು ನನಗೆ ಗೊತ್ತಾಯಿತು.

ಮೂರನೇ ದಿನ ಅಕ್ಕ ನನ್ನನ್ನು ಹೊಳೆಗೆ ಕರೆದೊಯ್ಯಲು ಆಟೋ ತಂದಿದ್ದಳು. ಹೆಂಡತಿ ಮನೆಯಲ್ಲಿರುವಾಗ ಅನ್ನವನ್ನು ಹೊಳೆಗೆ ಚೆಲ್ಲುವುದು ಯಾಕೆ ಎಂದೆ. ಅಕ್ಕ ಮಣೆಯ ಕಡೆ ನೋಡಿದಳು. ನೀರನ್ನೂ ಕುಡಿಯದೆ ಹೋದಳು. ಮಕ್ತುಮ್ ಸಾಬ್ ಈಗ ಅಂಗಡಿಯ ಬೀಗದ ಕೈಯನ್ನು ಜಗಲಿಯ ಮೇಲಿಟ್ಟು ಕೂಗಿ ಹೋಗುತ್ತಾನೆ, ಒಳಗೆ ಬರುವುದಿಲ್ಲ. ಇರಲಿ. ನಮಗೆ ಯಾರೂ ಬೇಡ. ಪ್ಲಾಸ್ಟರ್ ಬಿಚ್ಚಿದ್ದಾರೆ. ನಿಧಾನವಾಗಿ ಓಡಾಡುತ್ತೇನೆ. ಹಸಿವು ಕಡಿಮೆಯಾಗಿದೆ, ಅದು ಮಾತ್ರೆಯ ಉಷ್ಣವಿರಬೇಕು.

ಮುಂಚೆ ನಾವು ಇಷ್ಟು ಮಾತಾಡಿದವರಲ್ಲ. ಈಗ ಅವಳು ನನ್ನ ಪಕ್ಕ ಬಿಟ್ಟು ಏಳುವುದಿಲ್ಲ. ಫೋನು ಹೊಡೆದುಕೊಂಡರೆ ಅವಳಿಗೆ ಭಯವಾಗುತ್ತದೆ, ಅದಕ್ಕೇ ಎತ್ತುವುದಿಲ್ಲ. ನಿಮ್ಮ ಕಾಗದವನ್ನು ಅವಳ ಮುಂದೆ ಓದಿದೆ. ಹತ್ತನೇ ತಾರೀಕು ಯಾರಾದರೂ ಬಂದರೆ ಬಾಗಿಲು ತೆಗೆಯಬ್ಯಾಡ್ರಿ ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಮಾತು ಕೊಟ್ಟಿದ್ದೇನೆ.

ದಯವಿಟ್ಟು ಬರಬೇಡಿ.

ಕೊಟ್ಟೂರೇಶ್


ಹರಿಹರ, ನಮ್ಮ ಮನೆಯ ಜಗಲಿ
10 ಡಿಸೆಂಬರ್ 2025, ಸಂಜೆ

ರೀ,

ಬಾಗಿಲ ಸಂದಿಯಿಂದ ಈ ಚೀಟಿ ತಳ್ಳುತ್ತಿದ್ದೇನೆ. ನಾನು ಬಂದಿದ್ದೇನೆ. ಬಾಗಿಲು ಬಡಿದೆ, ಹೆಸರು ಹಿಡಿದು ಕೂಗಿದೆ. ಗಂಡನ ಹೆಸರನ್ನು ಬೀದಿಯಲ್ಲಿ ನಿಂತು ಕೂಗಿದ್ದು ಇದೇ ಮೊದಲು. ಪಕ್ಕದ ಮನೆಯ ಖತೀಜಾಬೀ ಹೊರಗೆ ಬಂದರು. ಯಾವಾಗ ಬಂದೆ ಎಂದು ಕೇಳಲಿಲ್ಲ. ‘ಈಗಿನ್ನ ಒಳಗೆ ನೋಡಿದ್ನಲ್ಲವ್ವ ನಿನ್ನ’ ಎಂದು ಹೇಳಿ, ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಕಿಟಕಿಯಿಂದ ನೋಡಿದೆ. ನೀವು ಎಷ್ಟು ಇಳಿದುಹೋಗಿದ್ದೀರಿ! ಅಂಗಿ ಮೈಮೇಲೆ ನಿಲ್ಲುತ್ತಿಲ್ಲ. ಕುಂಟುತ್ತಾ ಬಂದು ತಟ್ಟೆಗೆ ಬಡಿಸಿದಿರಿ. ನಿಮ್ಮ ಎದುರು ನನ್ನ ನೀಲಿ ಇಳಕಲ್ ಸೀರೆ ಉಟ್ಟು ಒಬ್ಬಳು ಕೂತಿದ್ದಾಳೆ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತದೆ. ನನ್ನ ಬೆನ್ನು ಹೇಗಿರುತ್ತದೆ ಎಂದು ನಾನು ಈವರೆಗೆ ನೋಡಿರಲಿಲ್ಲ. ಕೂಗಿದಾಗ ನೀವು ಕಿಟಕಿಯ ಕಡೆ ತಿರುಗಿ ನನ್ನನ್ನೇ ನೋಡಿದಿರಿ. ನಿಮಗೆ ಗುರುತು ಹತ್ತಲಿಲ್ಲ.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲು ನನಗೆ ಮುಖವೂ ಇಲ್ಲ. ಒಬ್ಬರೇ ಕೂತು ಉಣ್ಣುವುದು ಎಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಕೆ ನಿಮಗೆ ಒಳ್ಳೆಯ ಮಾತು ಆಡುತ್ತಿರಬಹುದು. ನಾನು ಬಂದರೆ ಜಗಳ ಆಡುತ್ತೇನೆ. ಕಾಲಿನ ವಿಷಯ ಮುಚ್ಚಿಟ್ಟದ್ದಕ್ಕೆ ಒಂದು ವಾರವಾದರೂ ಬಯ್ಯುತ್ತೇನೆ. ನೀವು ಹ್ಞೂಂ ಎನ್ನುತ್ತೀರಿ. ನಮ್ಮ ಸಂಸಾರ ಅಷ್ಟೇ ಇತ್ತು. ನನಗೆ ಅಷ್ಟೇ ಬೇಕು.

ಒಂದು ಮಾತು ತಿಳಿದುಕೊಳ್ಳಿ. ಒಳಗಿರುವಾಕೆ ನೀವು ಬಡಿಸಿ ಕರೆದದ್ದಕ್ಕೆ ಬಂದವಳು. ನಾನು ಯಾರೂ ಕರೆಯದೆ, ಬರಬೇಡಿ ಎನ್ನುತ್ತೀರೆಂದು ತಿಳಿದೂ ಬಂದವಳು. ನನ್ನ ಕಾಗದಕ್ಕೆ ನೀವು ಬರೆದ ಉತ್ತರ ರಸ್ತೆಯಲ್ಲೆಲ್ಲೋ ಇರಬೇಕು, ನನ್ನ ಕೈಗೆ ಸಿಕ್ಕಿಲ್ಲ. ಆದರೆ ನೀವು ಅದರಲ್ಲಿ ಏನು ಬರೆದಿರುತ್ತೀರಿ ಎಂದು ನನಗೆ ಗೊತ್ತು. ನಾನೂ ನಿಮಗೆ ಅದನ್ನೇ ಬರೆದಿದ್ದೆನಲ್ಲ.

ಬೆಳಗಿನಿಂದ ಏನೂ ತಿಂದಿಲ್ಲ, ಹಸಿವು ತಡೆಯಲಾಗುತ್ತಿಲ್ಲ. ಒಳಗೆ ನೀವು ರೊಟ್ಟಿ ಮುರಿಯುವ ಸಪ್ಪಳ ಇಲ್ಲಿಗೆ ಕೇಳುತ್ತಿದೆ. ಆ ತಟ್ಟೆ ಬಿಟ್ಟು ಎದ್ದು ಬನ್ನಿ. ಚಿಲಕ ಒಳಗಿನಿಂದ ಹಾಕಿದೆ, ನೀವೇ ತೆಗೆಯಬೇಕು. ನಾನು ಇಲ್ಲೇ ಕೂತಿರುತ್ತೇನೆ.

ವಾಣಿ